ಯಾವ ಬೇಕು

ಬೆಳಿಗ್ಗೆ ಗಂಡ ಕೇಳಿದ ಪ್ರಶ್ನೆಗೆ ಅವಳು ಕೊಟ್ಟದ್ದು ಉತ್ತರವಲ್ಲ, ಅಡಿಟಿಪ್ಪಣಿ. ಮಾತು ಬಾಯಿಂದ ಬಿದ್ದ ಕ್ಷಣವೇ ಅದು ಅವಳಿಗೆ ಗೊತ್ತಾಗಿತ್ತು. ಕಂಡವರ ವಾಕ್ಯಗಳನ್ನೆಲ್ಲ ತಿದ್ದಿ ತೀಡುವವಳಿಗೆ ತನ್ನದೊಂದು ವಾಕ್ಯವನ್ನು ತಿದ್ದಿಕೊಳ್ಳಲು ನಾಲಿಗೆ ಏಳಲಿಲ್ಲ. ಅವನು ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಅವಳು ಊಟದ ಮೇಜಿನ ತುಂಬ ಹಾಳೆ ಹರಡಿಕೊಂಡು ಪೆನ್ಸಿಲು ಕಚ್ಚುತ್ತಿದ್ದಳು. ಬೇರೆ ಊರಿನ, ಕಟ್ಟುಹಲ್ಲು ಮಾಡುವ ದೊಡ್ಡ ಲ್ಯಾಬಿನವರು ಅವನನ್ನು ಕರೆದಿದ್ದರು. ಬರುತ್ತೇನೆ ಅಥವಾ ಇಲ್ಲ ಎಂದು ಇವತ್ತು ಸಂಜೆಯೊಳಗೆ ಹೇಳಬೇಕಿತ್ತು. ಹೋದರೆ ಅವನೊಬ್ಬನೇ ಹೋಗುವುದು, ರಜೆ ಸಿಕ್ಕಾಗ ಬಂದು ಹೋಗುವುದು ಎಂದು ಮಾತಾಗಿತ್ತು. ಬಂದು ಹೋಗುವ ಗಂಡ ಕೊನೆಗೆ ಹೋಗುವ ಗಂಡನೇ ಆಗುತ್ತಾನೆಂಬುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಗಂಟು ಬಿಗಿಯುತ್ತ, ತಲೆಯೆತ್ತದೆ ಅವನು ಕೇಳಿದ, “ನಾನು ನಿನಗೆ ಬೇಕಾ?”

“ಬೇಕು ಅಂದ್ರೆ ಯಾವ ಬೇಕು?” ಎಂದಳು ಅವಳು.

ಅವನು ಇನ್ನೊಂದು ಬೂಟಿನ ಗಂಟನ್ನೂ ಬಿಗಿದ. ಆಮೇಲೆ ನಕ್ಕ. “ಸರಿ ನಿಘಂಟಮ್ಮ, ಹುಡುಕಿ ಇಡು. ಸಂಜೆವರೆಗೆ ಟೈಮಿದೆ,” ಎಂದು ಎದ್ದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಧಡಾರನೆ ಹಾಕಿಕೊಂಡು ಹೋಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ತಮಾಷೆಗೆ ಹಾಗಂದದ್ದಲ್ಲ, ಅವನನ್ನು ಗೋಳುಹುಯ್ದುಕೊಳ್ಳಬೇಕೆಂದೂ ಅಲ್ಲ. ಚಳಿಗಾಲ ಶುರುವಾದಾಗಿನಿಂದ ಅವಳ ತಲೆಯಲ್ಲಿ ಆ ಒಂದು ಪದ ಬಿಡಾರ ಹೂಡಿತ್ತು. ಅದಕ್ಕೆ ಕಾರಣ ಪ್ರಕಾಶಕರು ಅನುವಾದಕ್ಕೆಂದು ಅವಳ ಕೈಗೆ ಹಿಡಿಸಿದ ಒಂದು ಫ್ರೆಂಚ್ ಪುಸ್ತಕ. ಮನುಷ್ಯ ‘ನಾನು’ ಎಂದು ಬೀಗುವುದು ಒಳಗಿನಿಂದ ಹುಟ್ಟಿದ್ದಲ್ಲ, ಅವನ ಆಸೆ ಅವನದಲ್ಲ, ಪಕ್ಕದವರು ಆಸೆಪಡುವುದನ್ನು ನೋಡಿ ಕಲಿತದ್ದು ಎಂದು ಒಬ್ಬ ಪಂಡಿತ ಪುಟಗಟ್ಟಲೆ ವಾದಿಸಿದ್ದ. ಅವನ ಬಳಿ ಮೂರು ಪದಗಳಿದ್ದವು. ಹಾಲಿಗೆ ಅಳುವ ಹೊಟ್ಟೆಗೆ ಒಂದು, ಅಮ್ಮ ಬರಲಿ ಎಂದು ಕೂಗುವ ಬಾಯಿಗೆ ಒಂದು, ಹಾಲೂ ಅಮ್ಮನೂ ಸಿಕ್ಕಿದ ಮೇಲೂ ತೀರದೆ ಉಳಿಯುವ ಆ ಇನ್ನೇನೋ ಒಂದಕ್ಕೆ ಮತ್ತೊಂದು. ಈ ಮೂರನ್ನೂ ನಮ್ಮ ಬಾಯಿ ‘ಬೇಕು’ ಎಂಬ ಒಂದೇ ಗುಟುಕಿನಲ್ಲಿ ನುಂಗಿ ನೀರು ಕುಡಿಯುತ್ತದೆ. ನೀರು ಬೇಕು, ಬೊಂಬೆ ಬೇಕು, ನೀನು ಬೇಕು, ಆಫೀಸಿಗೆ ಹೋಗಬೇಕು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಅವರ ಭಾಷೆಯಲ್ಲಿ ‘ನಾನು’ ವಾಕ್ಯದ ಮುಂದೆ ಎದೆಯುಬ್ಬಿಸಿ ನಿಂತು ಬಯಸುತ್ತದೆ. ನಮ್ಮಲ್ಲಿ ‘ನನಗೆ ಬೇಕು.’ ನನಗೆ ಜ್ವರ ಬಂತು, ನನಗೆ ಹಸಿವಾಯಿತು, ನನಗೆ ಬೇಕು. ಬರುವುದು ಬಂತು, ನಾನು ಬಾಗಿಲು ತೆರೆದೆ, ಅಷ್ಟೇ. ‘ನಾನು ಬೇಕು’ ಎಂದರೆ ಅರ್ಥವೇ ತಿರುಗಿಬಿಡುತ್ತದೆ. ಮತ್ತೊಬ್ಬರಿಗೆ ಬೇಕಾದಾಗ ಮಾತ್ರ ಆ ವಾಕ್ಯದಲ್ಲಿ ‘ನಾನು’ ಎದ್ದು ನಿಲ್ಲುವುದು. ಇದನ್ನು ಕಂಡುಕೊಂಡ ದಿನ ಅವಳು ಖುಷಿಯಿಂದ ಕೋಣೆಯೊಳಗೆ ಅತ್ತಿಂದಿತ್ತ ಓಡಾಡಿದ್ದಳು. ಅದೇ ವಾಕ್ಯ ಬೂಟಿನ ದಾರ ಕಟ್ಟಿಕೊಳ್ಳುತ್ತ ತನ್ನನ್ನೇ ಕೇಳೀತೆಂದು ಅಂದುಕೊಂಡಿರಲಿಲ್ಲ. ನಾನು ನಿನಗೆ ಬೇಕಾ. ಎದ್ದು ನಿಲ್ಲಲಾ, ಬೇಡವಾ ಎಂದು ಕೇಳಿದ ಹಾಗಿತ್ತು ಅದು. ಅವಳು ಅದರ ವ್ಯಾಕರಣ ನೋಡಿದಳು.

ಪ್ರಕಾಶಕರ ಕೋಣೆಯಲ್ಲಿ ಹೊಸ ಅಂಟಿನ ವಾಸನೆ. ಕಟ್ಟು ಬಿಚ್ಚದ ಪುಸ್ತಕಗಳ ಮೇಲೆಯೇ ಅವರು ಚಹಾ ಲೋಟ ಇಡುತ್ತಿದ್ದರು. ಪುಸ್ತಕದ ತಲೆಬರಹ ಇವತ್ತು ಅಚ್ಚಿಗೆ ಹೋಗಬೇಕೆಂದು ಕರೆಸಿದ್ದರು. ಅವಳು ‘ಬಯಕೆ’ ಎಂದು ಬರೆದಿದ್ದನ್ನು ಕನ್ನಡಕ ಎತ್ತಿ ನೋಡಿ, “ಇದು ಬೇಡಮ್ಮ. ಬಸುರಿ ಬಯಕೆ ಅಂದ್ಕೋತಾರೆ ಜನ. ಹುಳಿ ತಿನ್ನೋ ವಿಷಯ ಅಂತ ಕೊಂಡುಕೊಂಡು ಬೈತಾರೆ,” ಎಂದರು. ತಾವೇ ನಕ್ಕು, ತಕ್ಷಣ ಏನೋ ನೆನಪಾದವರಂತೆ ನಗು ನಿಲ್ಲಿಸಿ, ಲೋಟದ ಅಂಚು ಒರೆಸತೊಡಗಿದರು. ಮಕ್ಕಳಿಲ್ಲದವಳ ಎದುರು ಜನ ಹೀಗೆ ನಡುವೆ ನಿಂತುಬಿಡುವುದು ಅವಳಿಗೆ ಹೊಸದಲ್ಲ. ನಗು ನೋಯಿಸುವುದಿಲ್ಲ, ನಿಂತ ನಗು ನೋಯಿಸುತ್ತದೆ. ಅವರನ್ನು ಆ ಮುಜುಗರದಿಂದ ಪಾರುಮಾಡಲು ಅವಳೇ ಗಟ್ಟಿಯಾಗಿ ನಕ್ಕಳು, ಆಮೇಲೆ ಹಾಗೆ ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

“ಆಸೆ ಅಂತ ಇಡಲಾ?”

“ಅದು ಮಕ್ಕಳ ಮಾತಾಯ್ತು. ಕಾಮ ಅಂತ ಇಟ್ರೆ ಒಳ್ಳೇ ವ್ಯಾಪಾರ. ರಟ್ಟಿಗೆ ಹೊದಿಕೆ ಹಾಕ್ಕೊಂಡಾದ್ರೂ ಓದ್ತಾರೆ.” ಅವರು ಮೂಗು ಉಜ್ಜಿಕೊಂಡರು. “ನೋಡಮ್ಮ, ಓದುವವನಿಗೆ ಇಷ್ಟೆಲ್ಲಾ ಸೂಕ್ಷ್ಮ ಬೇಡ. ನೀನು ಬೆಣ್ಣೇಲಿ ಕೂದಲು ತೆಗೆಯೋ ಬದಲು ಬೆಣ್ಣೇಲಿ ಕೂದಲು ಹುಡುಕ್ತಾ ಕೂತಿದೀಯ. ನಿನಗೆ ಯಾವುದು ಸರಿ ಅನ್ನಿಸುತ್ತೋ ಅದನ್ನ ಹಾಕು.”

ನಿನಗೆ ಯಾವುದು ಸರಿ ಅನ್ನಿಸುತ್ತೋ ಅದು. ಚಿಕ್ಕಂದಿನಿಂದ ಅವಳಿಗೆ ಹೆದರಿಕೆ ಹುಟ್ಟಿಸುತ್ತಿದ್ದ ಮಾತು ಇದೊಂದೇ. ಬಟ್ಟೆ ಅಂಗಡಿಯಲ್ಲಿ ಅಪ್ಪ ಹಾಗೆ ಕೇಳಿದಾಗ ಅವಳು ಅಕ್ಕನ ಮುಖ ನೋಡುತ್ತಿದ್ದಳು. ಅಕ್ಕನ ಕಣ್ಣು ಎಲ್ಲಿ ನಿಂತಿತೋ ಅಲ್ಲಿ ಇವಳ ಬೆರಳು ಹೋಗುತ್ತಿತ್ತು. ಮನೆಯಲ್ಲಿ ಎಲ್ಲವೂ ಅಕ್ಕನಿಂದಲೇ ಇಳಿದು ಬರುತ್ತಿದ್ದ ಕಾಲ. ಅಕ್ಕನ ಸ್ವೆಟರು, ಅಕ್ಕನ ಹಲ್ಲಿನ ಗುರುತಿದ್ದ ರೂಲುಪಟ್ಟಿ. ಆಮೇಲೆ ಅಕ್ಕನಿಗೆ ಒಬ್ಬ ಹಲ್ಲಿನ ಡಾಕ್ಟರ ಬಳಿ, ಬಂದವರನ್ನು ಕೂರಿಸಿ ಒಳಗೆ ಕಳಿಸುವ ಕೆಲಸ ಸಿಕ್ಕಿತು. ಊಟಕ್ಕೆ ಕೂತರೆ ಅವಳ ಬಾಯಲ್ಲಿ ಒಂದೇ ಕಥೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಬ್ಬ ಕೂತು ಕಟ್ಟುಹಲ್ಲು ಮಾಡುತ್ತಾನಂತೆ. ಅವನ ಮಣಿಕಟ್ಟಿನ ತನಕ ಬಿಳಿ ಪ್ಲಾಸ್ಟರ್ ಅಂತೆ. ಕೆಲಸ ಮಾಡುವಾಗ ಸಿಳ್ಳೆ ಹಾಕುತ್ತಾನಂತೆ, ಯಾವ ಹಾಡೆಂದು ಅವನಿಗೇ ಗೊತ್ತಿಲ್ಲವಂತೆ. ಒಬ್ಬರು ಬಂದು ತಮ್ಮ ಅಣ್ಣನ ಫೋಟೋ ಕೊಟ್ಟು ಇಂಥದೇ ಹಲ್ಲು ಮಾಡಿಕೊಡು ಎಂದರಂತೆ; ನಿಮ್ಮ ದವಡೆಗೆ ಅಣ್ಣನ ನಗು ಹಿಡಿಸೋದಿಲ್ಲ ಸ್ವಾಮಿ ಎಂದನಂತೆ. ಅಕ್ಕ ಹೇಳುತ್ತಿದ್ದಳು, ಇವಳ ಕೈ ತಟ್ಟೆಯಲ್ಲಿ ನಿಲ್ಲುತ್ತಿತ್ತು. ಕೊನೆಗೊಂದು ದಿನ ಇಲ್ಲದ ಹಲ್ಲುನೋವು ಹೇಳಿಕೊಂಡು ಹೋಗಿ ಅವನನ್ನು ನೋಡುವ ಹೊತ್ತಿಗೆ, ನೋಡುವುದಕ್ಕೆ ಏನೂ ಉಳಿದಿರಲಿಲ್ಲ, ಮನಸ್ಸಿನಲ್ಲಿ ಎಲ್ಲ ಮೊದಲೇ ಆಗಿಹೋಗಿತ್ತು. ಅಕ್ಕ ತಲೆ ಬಾಚಿಕೊಳ್ಳುತ್ತ, ಕನ್ನಡಿಯಲ್ಲಿ ಇವಳ ಮುಖ ನೋಡಿ, “ನಂಗೆ ಬೇಡ ಕಣೆ. ನಿಂಗೆ ಬೇಕಿದ್ರೆ ಇಟ್ಕೋ,” ಎಂದಿದ್ದಳು, ಸ್ವೆಟರು ಕೊಡುವಾಗ ಹೇಳಿದ ಹಾಗೆಯೇ. ಇವಳು ಇಟ್ಟುಕೊಂಡಳು.

ಇಟ್ಟುಕೊಂಡದ್ದು ಚೆನ್ನಾಗಿಯೇ ಬಾಳಿತು. ಆದರೆ ಅಕ್ಕ ಬೇರೊಬ್ಬನನ್ನು ಮದುವೆಯಾಗಿ, ಇವನ ಸುದ್ದಿಯನ್ನೇ ಎತ್ತದೆ ತನ್ನ ಮನೆಯಲ್ಲಿ ಸುಖವಾಗಿರತೊಡಗಿದಾಗ, ಇವಳಿಗೆ ಕೆಲವು ದಿನ ಅವನ ಸಿಳ್ಳೆ ಕಿರಿಕಿರಿಯಾಯಿತು. ಪಕ್ಕದ ಮನೆಯ ರೇಡಿಯೋ ನಿಂತಮೇಲೆ ತಾನು ಗುನುಗುತ್ತಿದ್ದ ಹಾಡೂ ಮರೆತುಹೋದ ಹಾಗೆ. ಕಿರಿಕಿರಿ ಹೋಯಿತು, ಅನುಮಾನ ಹೋಗಲಿಲ್ಲ. ಅವನ ಮಣಿಕಟ್ಟು ನೋಡಿ ಮೈ ಬೆಚ್ಚಗಾದಾಗಲೆಲ್ಲ, ನೋಡುತ್ತಿರುವ ಕಣ್ಣು ಯಾರದು ಎಂದು ಒಳಗೊಬ್ಬಳು ಕೇಳುತ್ತಿದ್ದಳು. ಇದನ್ನು ಯಾರ ಹತ್ತಿರ ಹೇಳುವುದು? ಗಂಡನಿಗೆ ಹೇಳಿದರೆ ಅವನು ಸೆಕೆಂಡ್‌ಹ್ಯಾಂಡ್ ಮಾಲಾಗುತ್ತಾನೆ, ಅಕ್ಕನಿಗೆ ಹೇಳಿದರೆ ಅವಳು ಬಿದ್ದು ಬಿದ್ದು ನಗುತ್ತಾಳೆ. ಆ ಫ್ರೆಂಚ್ ಪುಸ್ತಕದ ಮೂರನೆಯ ಅಧ್ಯಾಯ ಓದಿದ ದಿನ ಅವಳು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡಿದ್ದಳು. ಇಷ್ಟು ವರ್ಷ ತನ್ನೊಬ್ಬಳದೇ ಎಂದುಕೊಂಡಿದ್ದ ಕೊಳೆ ಅಲ್ಲಿ ಸಿದ್ಧಾಂತವಾಗಿ ಅಚ್ಚಾಗಿತ್ತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಎಲ್ಲರಿಗೂ ಬರುವ ಕಾಯಿಲೆ ಎಂದು ಡಾಕ್ಟರು ಹೇಳಿದರೆ ಜ್ವರ ಇಳಿಯುವುದಿಲ್ಲವಲ್ಲ.

ತಲೆಬರಹವನ್ನು ನಾಳೆ ಹೇಳುತ್ತೇನೆಂದು ಪ್ರಕಾಶಕರನ್ನು ಒಪ್ಪಿಸಿ ಅವಳು ಬೀದಿಗಿಳಿದಳು. ಮಧ್ಯಾಹ್ನ ಇಳಿಯುತ್ತಿತ್ತು. ನೆಲಮಾಳಿಗೆಗೆ ಹೋಗಿ ಹೇಳಿಬಿಡುವುದು ಎಂದು ನಿರ್ಧರಿಸಿದ್ದಳು. ಏನನ್ನು ಎಂಬುದು ಮಾತ್ರ ನಿರ್ಧಾರವಾಗಿರಲಿಲ್ಲ. ‘ನೀವು ನನಗೆ ಬೇಕು’ ಎಂದರೆ ಸುಳ್ಳಾಗಬಹುದು. ‘ಗೊತ್ತಿಲ್ಲ’ ಎಂದರೆ ನಿಜ, ಆದರೆ ಆ ನಿಜವನ್ನು ಕೇಳಿಸಿಕೊಂಡು ಯಾವ ಗಂಡಸು ಉಳಿಯುತ್ತಾನೆ? ಸುಳ್ಳು ಹೇಳಿ ಅವನನ್ನು ಉಳಿಸಿಕೊಂಡರೆ, ಉಳಿದವನು ಆ ಸುಳ್ಳಿನ ಗಂಡನಾಗಿರುತ್ತಾನೆ. ಅವನು ಹೋಗಿಬಿಟ್ಟರೆ? ಖಾಲಿ ಕುರ್ಚಿಯನ್ನು ನೋಡಿ ಬೇಕು ಅನ್ನಿಸೀತು, ಖಂಡಿತ ಅನ್ನಿಸೀತು, ಆದರೆ ಆಗ ಬೇಕಾದದ್ದು ಅವನೋ, ಅವನಿಲ್ಲದ್ದೋ? ಪಂಡಿತ ಅದನ್ನೂ ಬರೆದಿಟ್ಟಿದ್ದ, ಎಲ್ಲಿ ಹೆಜ್ಜೆಯಿಟ್ಟರೂ ಅವನು ಮೊದಲೇ ಬಂದು ಕೂತಿರುತ್ತಿದ್ದ. ದರಿದ್ರ ಮುಂಡೇದು ಎಂದು ಅವಳು ಬೈದುಕೊಂಡಳು. ಬೈದ ಮೇಲೆ ಅವನಿಗೂ ಮನೆಯಲ್ಲಿ ಯಾರಾದರೂ ಬೂಟಿನ ದಾರ ಕಟ್ಟಿಕೊಳ್ಳುತ್ತ ಏನಾದರೂ ಕೇಳಿದ್ದರೋ ಏನೋ ಎಂದು ಪಾಪ ಅನ್ನಿಸಿತು. ಬಾಯಲ್ಲಿ ಆಡಿ ನೋಡಿದರೆ ತಿಳಿದೀತೆಂದು, “ನನಗೆ ಬೇಕು” ಎಂದು ಮೆಲ್ಲಗೆ ಅಂದು ನೋಡಿಕೊಂಡಳು. ತಾನು ಬೀಗ, ಚಿಲಕ, ಮೊಳೆ ಮಾರುವ ಅಂಗಡಿಯೊಂದರ ಎದುರೇ ನಿಂತಿದ್ದೇನೆಂಬುದು ಗಮನಕ್ಕೆ ಬಂದಿರಲಿಲ್ಲ.

“ಏನು ಬೇಕಿತ್ತಮ್ಮ?” ಎಂದ ಅಂಗಡಿಯವನು.

“ಏನೂ ಬೇಡ.”

“ಹಂಗಾದ್ರೆ ಸ್ವಲ್ಪ ಈ ಕಡೆ ನಿಂತ್ಕೊಳಿ. ಬೇಕಾದವರು ಬರ್ಲಿ.”

ಹಿಂದೆ ನಿಂತಿದ್ದ ಇಬ್ಬರು ಅವಳನ್ನು ದಾಟಿ ಮುಂದೆ ಹೋದರು. ಒಬ್ಬ ಚಿಲಕ ಕೇಳಿದ, ಕೈಯಲ್ಲಿ ಹಿಡಿದು ಎರಡು ಸಲ ಎಳೆದು ನೋಡಿದ, ಇದೇ ಸರಿ ಎಂದ. ಎಷ್ಟು ಸಲೀಸು. ಅವಳ ಕಿವಿ ಬಿಸಿಯಾಗಿ, ಯಾರಾದರೂ ಗುರುತಿನವರು ನೋಡಿದರೇನೋ ಎಂದು ಆಚೀಚೆ ನೋಡಿ ನಡೆದುಬಿಟ್ಟಳು.

ನೆಲಮಾಳಿಗೆಯ ಮೆಟ್ಟಿಲಲ್ಲೇ ಕಾದ ಮೇಣದ ವಾಸನೆ ಮೂಗಿಗೆ ಬಂತು. ಕಪಾಟಿನ ತುಂಬ ಪ್ಲಾಸ್ಟರ್ ದವಡೆಗಳು, ಒಂದೊಂದಕ್ಕೂ ಚೀಟಿ. ಯಾರ‍್ಯಾರದೋ ಬಾಯಿಗಳು ಸಾಲಾಗಿ ತೆರೆದುಕೊಂಡು ಕೂತಿದ್ದವು. ಅವನು ದೀಪದ ಕೆಳಗೆ ಬಗ್ಗಿ, ಗುಲಾಬಿ ಮೇಣದ ಒಸಡಿನಲ್ಲಿ ಸಣ್ಣ ಚಾಕುವಿನಿಂದ ಹಲ್ಲೊಂದನ್ನು ಕೂರಿಸುತ್ತಿದ್ದ. ‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂದು ಯಾರಾದರೂ ನಿಟ್ಟುಸಿರುಬಿಟ್ಟರೆ, ಆ ಗಾದೆ ಸುಳ್ಳು ಮಾಡೋಕೇ ನನಗೆ ಸಂಬಳ ಎಂದು ಅವನು ಹೇಳುವುದಿತ್ತು. ಇವತ್ತು ಸಿಳ್ಳೆಯಿರಲಿಲ್ಲ. ಅದನ್ನು ಅವಳು ಗಮನಿಸಿದಳು, ಗಮನಿಸಿದ್ದು ಯಾರ ಕಿವಿ ಎಂದು ಕೇಳಿಕೊಳ್ಳುವಷ್ಟು ಪುರುಸೊತ್ತಿರಲಿಲ್ಲ.

“ಏನು ನಿಘಂಟಮ್ಮ, ಇಷ್ಟು ದೂರ? ಪದ ಸಿಕ್ತಾ?”

“ಇಲ್ಲ. ಒಂದು ವಿಷಯ ಹೇಳಬೇಕಿತ್ತು.” ಅವಳು ನಿಂತೇ ಹೇಳಿದಳು, ನಿಂತಿದ್ದರೆ ಬೇಗ ಮುಗಿದೀತೆಂಬಂತೆ. “ನಿಮ್ಮನ್ನ ಮೊದಲು ಬೇಕು ಅಂದ್ಕೊಂಡವಳು ನಾನಲ್ಲ. ಅಕ್ಕ. ಅವಳು ದಿನಾ ನಿಮ್ಮ ಮಾತೇ ಆಡ್ತಿದ್ದಳು. ಕೇಳಿ ಕೇಳಿ ನನಗೆ ಹತ್ತಿಕೊಂಡಿತು. ನನಗೆ ಬೇಕಾಗಿದ್ದು ನೀವೋ, ಅವಳಿಗೆ ಬೇಕಾದವರೋ, ಇವತ್ತಿಗೂ ಗೊತ್ತಿಲ್ಲ. ಅದಕ್ಕೇ ಬೆಳಿಗ್ಗೆ ಹಾಗಂದೆ. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ.”

ಅವನು ಚಾಕು ಕೆಳಗಿಟ್ಟ. ಅವನ ಮುಖ ಕೆಂಪಾಯಿತೋ ದೀಪದ ಬೆಳಕೋ ಅವಳಿಗೆ ತಿಳಿಯಲಿಲ್ಲ. “ನಿಮ್ಮಕ್ಕಂಗೆ ನಾನು ಯಾವತ್ತೂ ಬೇಕಾಗಿರಲಿಲ್ಲ,” ಎಂದ.

“ನಿಮಗೆ ಗೊತ್ತಿಲ್ಲ. ಊಟಕ್ಕೆ ಕೂತ್ರೆ—”

“ನನಗೆ ಗೊತ್ತಿಲ್ದೆ ಏನು. ಕೆಲಸ ಇಲ್ದಾಗ ಅವಳು ಇಲ್ಲಿಗೆ ಇಳಿದು ಬಂದು ನಿನ್ನ ಬಗ್ಗೆ ಹೇಳ್ತಿದ್ದಳು. ನಮ್ಮನೇಲಿ ಒಬ್ಬಳಿದ್ದಾಳೆ, ನಿನ್ನ ಸುದ್ದಿ ಬಂದ್ರೆ ತಟ್ಟೇಲಿ ಕೈ ನಿಂತುಹೋಗುತ್ತೆ ಅವಳಿಗೆ ಅಂತ. ನಿನ್ನ ಮುಖ ಕೂಡ ನೋಡಿರಲಿಲ್ಲ ನಾನು. ಯಾರಿಗೋ ನಾನು ಬೇಕಂತೆ ಅಂತ ಕೇಳೇ ತಲೆ ತಿರುಗ್ತು. ಆವತ್ತಿಂದ ದಿನಾ ಶೇವ್ ಮಾಡ್ಕೊಳ್ಳೋಕೆ ಶುರು ಮಾಡಿದೆ.” ಬೆರಳಿಗಂಟಿದ ಮೇಣ ಕೀಳುತ್ತ, “ಕೇಳೋರಿದ್ದಾರೆ ಅಂತ ಅಲ್ಲಿ ನನ್ನ ಕಥೆ ಹೇಳಿದ್ಲು, ಇಲ್ಲಿ ನಿನ್ನ ಕಥೆ ಹೇಳಿದ್ಲು. ಅವಳ ಬಾಯಿಗೆ ಬೇಕಾಗಿದ್ದು ಕಥೆ,” ಎಂದ.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಮೋಸಹೋದವರ ಸಿಟ್ಟು, ಆದರೆ ಯಾರ ಮೇಲೆ? ಇಷ್ಟು ವರ್ಷ ಅಕ್ಕನ ಕಣ್ಣು ತಪ್ಪಿಸಿ ಬದುಕಿದ್ದು, ಅಕ್ಕ ಮನೆಗೆ ಬಂದಾಗ ಗಂಡನ ಪಕ್ಕ ಕೂರದೆ ಅಡುಗೆಮನೆ ಸೇರಿಕೊಂಡದ್ದು, ಅವನು ಕೈ ಹಿಡಿದಾಗೆಲ್ಲ ಕದ್ದದ್ದನ್ನು ಮುಟ್ಟಿದಂತೆ ಬೆಚ್ಚಿದ್ದು. ಆ ಮಾಲಿಗೆ ಒಡೆಯರೇ ಇರಲಿಲ್ಲ. ಅವಳಿಗೆ ಬೇಕಾಗಿದ್ದು ಅಕ್ಕನಿಗೆ ಬೇಕೆಂದು, ಅವನಿಗೆ ಬೇಕಾಗಿದ್ದು ಅವಳಿಗೆ ಬೇಕೆಂದು, ಅಕ್ಕನಿಗೆ ಏನೂ ಬೇಕಿರಲಿಲ್ಲ. ಮೊದಲು ಬೇಕು ಅಂದವರು ಯಾರೆಂದು ಹುಡುಕುತ್ತ ಹೋದರೆ ಅಲ್ಲಿ ಯಾರೂ ಇಲ್ಲ, ಊಟದ ತಟ್ಟೆಯಲ್ಲಿ ನಿಂತ ಒಂದು ಕೈ ಇದೆ. ಕೈ ಮಾತ್ರ ತನ್ನದೇ. ಪಂಡಿತ ಈ ಮಟ್ಟಕ್ಕೆ ಬಂದಿದ್ದನೋ ಇಲ್ಲವೋ ಅವಳಿಗೆ ನೆನಪಾಗಲಿಲ್ಲ, ನೆನಪುಮಾಡಿಕೊಳ್ಳುವ ಮನಸ್ಸೂ ಆಗಲಿಲ್ಲ.

“ಇಷ್ಟು ದಿನ ಇದನ್ನ ಯಾಕೆ ಹೇಳಲಿಲ್ಲ?”

“ನೀನು ಕೇಳಿದ್ಯಾ?”

“ಬೆಳಿಗ್ಗೆ ಹಾಗೆ ಯಾಕೆ ಕೇಳಿದ್ರಿ?”

ಅವನು ರಬ್ಬರ್ ಬಟ್ಟಲಿಗೆ ಪ್ಲಾಸ್ಟರ್ ಪುಡಿ ಸುರಿದು, ನೀರು ಬೆರೆಸಿ, ಅಗಲ ಚಾಕುವಿನಿಂದ ತಿರುವತೊಡಗಿದ. ಕೈಗೆ ಕೆಲಸ ಕೊಡದೆ ಅವನಿಗೆ ಇಂಥ ಮಾತು ಬರುವುದಿಲ್ಲ. “ಆ ಊರಿನವರು ಫೋನ್ ಮಾಡಿದಾಗ, ನೀವು ನಮಗೆ ಬೇಕೇ ಬೇಕು ಅಂದ್ರು. ಹಿತ ಅನ್ನಿಸ್ತು. ಆಮೇಲೆ, ಮನೇಲಿ ಈ ಮಾತು ಒಂದ್ಸಲಾನೂ ಕೇಳಿಲ್ವಲ್ಲ ಅಂತ ಅನ್ನಿಸ್ತು. ಅಷ್ಟೇ.” ನಾಚಿಕೆಯಿಂದ ಅವನ ದನಿ ಚಿಕ್ಕದಾಯಿತು. ತನ್ನನ್ನು ಕೂಗಿ ಕರೆಯಲಿ ಎಂದು ಬಾಗಿಲ ಹಿಂದೆ ನಿಂತು ಕಾದವನ ದನಿ ಅದು. ಇಂಥವನನ್ನು ಅವಳು ‘ಯಾವ ಬೇಕು’ ಎಂದು ಕೇಳಿದ್ದಳು.

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಇಬ್ಬರೂ ಅದನ್ನೇ ನೋಡಿದರು.

“ಅವರೇ ಇರಬೇಕು,” ಎಂದ ಅವನು. ಮಣಿಕಟ್ಟಿನವರೆಗೆ ಎರಡೂ ಕೈ ಬಿಳಿಯಾಗಿದ್ದವು. “ಇದನ್ನ ಬಿಡೋಕಾಗಲ್ಲ, ಗಟ್ಟಿಯಾಗುತ್ತೆ. ನೀನೇ ಎತ್ತು.”

“ಏನಂತ ಹೇಳಲಿ?”

ಅವನು ಬಟ್ಟಲನ್ನು ಮೇಜಿಗೆ ಮೆಲ್ಲಗೆ ಕುಟ್ಟುತ್ತ ಒಳಗಿನ ಗುಳ್ಳೆಗಳನ್ನು ಹೊರಡಿಸುತ್ತಿದ್ದ. ಅವನ ಕಿವಿ ಮಾತ್ರ ಇತ್ತ ಇತ್ತು.

ಅವಳು ಎತ್ತಿದಳು. ಆ ಕಡೆಯ ಗಂಡಸಿನ ದನಿ ಬಹಳ ವಿನಯದ್ದು. ಅವರು ಏನು ತೀರ್ಮಾನ ಮಾಡಿದರು, ಬರ್ತಾರಲ್ಲವಾ ಎಂದು ಕೇಳಿತು. ಅವಳ ಬಳಿ ವಾಕ್ಯ ಸಿದ್ಧವಾಗಿತ್ತು, ‘ಅವರಿಗೆ ಬೇಡವಂತೆ.’ ಅಚ್ಚುಕಟ್ಟಾದ ವಾಕ್ಯ. ಕೊನೆಯ ಆ ‘ಅಂತೆ’ ಇದೆಯಲ್ಲ, ಅದು ಇದ್ದರೆ ಹೇಳಿದವರ ಮೇಲೆ ಏನೂ ಬರುವುದಿಲ್ಲ; ಅನುವಾದಕ್ಕೆ ಕೂತಾಗಿನಿಂದ ಅವಳು ಆ ಕೊಡೆಯ ಕೆಳಗೇ ನಡೆದವಳು. ಬಾಯಿ ತೆರೆದಾಗ ಬಂದದ್ದು ಬೇರೆ.

“ನನಗೆ ಬೇಡ.”

“ಏನಂದ್ರಿ?”

“ಅವರು ಅಲ್ಲಿಗೆ ಬರೋದು ನನಗೆ ಬೇಡ.”

ಬಟ್ಟಲು ಕುಟ್ಟುವ ಸದ್ದು ನಿಂತಿತು. ಆ ಕಡೆ ಕಾಗದ ಸರಿದ ಶಬ್ದ. “ಯಾರು ಮಾತಾಡ್ತಿರೋದು?”

“ನಾನು.”

“ನಾನು ಅಂದ್ರೆ ಯಾರು ಮೇಡಂ?”

‘ಅವರ ಹೆಂಡತಿ’ ಎಂದಿದ್ದರೆ ಮುಗಿದುಹೋಗುತ್ತಿತ್ತು, ಅದೇ ಸರಿಯಾದ ಉತ್ತರ. ಚಳಿಗಾಲವಿಡೀ ಇದೇ ಪ್ರಶ್ನೆಯನ್ನು ಪುಟದಿಂದ ಪುಟಕ್ಕೆ ಹೊತ್ತು ತಂದವಳಿಗೆ ಈಗ ಅಲ್ಲಿಯ ಒಂದು ಸಾಲೂ ನೆನಪಿಗೆ ಬರಲಿಲ್ಲ. ಹೆದರಿಕೆಯಾಯಿತು. ಹೆದರಿಕೆಯ ಜೊತೆಗೇ ತಡೆಯಲಾಗದಷ್ಟು ಸಂತೋಷವೂ ಆಯಿತು.

“ಈಗಷ್ಟೇ ಬೇಡ ಅಂದೆನಲ್ಲ,” ಎಂದಳು, “ಅವಳು.”

ಫೋನು ಇಟ್ಟಳು. ಅವನ ಕಡೆ ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನ ಪರವಾಗಿ ಅವನನ್ನೇ ಕೇಳದೆ ಹೇಳಿಬಿಟ್ಟಿದ್ದಳು. ಅವನಿಗೆ ಹೋಗುವ ಮನಸ್ಸಿದ್ದಿದ್ದರೆ ಈಗ ಜಗಳವಾಗುತ್ತದೆ, ಆಗಲಿ, ಅದು ತನ್ನ ಜಗಳ. ಅವನು ಬಟ್ಟಲು ಹಿಡಿದು ನಿಂತೇ ಇದ್ದ. ಒಳಗೆ ಪ್ಲಾಸ್ಟರ್ ಕಲ್ಲಾಗಿ, ತಿರುವುತ್ತಿದ್ದ ಚಾಕು ಅದರಲ್ಲಿ ನೆಟ್ಟಗೆ ಸಿಕ್ಕಿಕೊಂಡಿತ್ತು. ಎಳೆದು ನೋಡಿದ, ಬರಲಿಲ್ಲ. ಕಣ್ಣು ಒರೆಸಿಕೊಳ್ಳಲು ಹೋಗಿ, ಕೈ ನೆನಪಾಗಿ, ಅಂಗಿಯ ತೋಳಿನಲ್ಲಿ ಒರೆಸಿಕೊಂಡ.

“ಹಾಳಾಯ್ತು,” ಎಂದ. “ಇನ್ನೊಂದ್ಸಲ ಕಲಸ್ಬೇಕು.”

ಅವಳು ಚೀಲವನ್ನು ನೆಲದ ಮೇಲಿಟ್ಟು, ತೋಳು ಮೇಲೇರಿಸಿ, ನೀರು ಎಷ್ಟು ಹಾಕಲಿ ಎಂದು ಕೇಳಿದಳು.